ಓಟಿಲಿ ರೆಂಕರ್ ಮತ್ತು ಮಾಂಗೋಲ್ಡನ ಕೊನೆಯ ಮಾತು

ಓಟಿಲಿ ರೆಂಕರ್ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಜೀವಮಾನದಲ್ಲಿ ಒಂದೇ ಸಲ. ಆ ಸಂಗತಿಯಲ್ಲಿ ನನ್ನ ತಪ್ಪೂ ಇರುವುದರಿಂದ ಇದನ್ನು ನಾನೇ ಹೇಳುವುದು ವಾಸಿ. ಬೇರೆಯವರ ಬಾಯಿಗೆ ಬಿಟ್ಟರೆ ನನ್ನನ್ನು ಸಾಧು ಮನುಷ್ಯನನ್ನಾಗಿ ಮಾಡಿಬಿಡುತ್ತಾರೆ.

ಆಕೆ ನಮ್ಮೂರಿನ ರಂಗಮಂದಿರದ ಪ್ರಾಂಪ್ಟರ್, ಮಾತು ಮರೆತ ನಟರಿಗೆ ಎತ್ತಿಕೊಡುವವಳು. ವೇದಿಕೆಯ ಮುಂದಂಚಿನಲ್ಲಿ, ಪರದೆಗಿಂತ ಒಂದು ಮೊಳ ಈಚೆಗೆ, ಮರದ ಒಂದು ಪುಟ್ಟ ಗೂಡು. ನೆಲಮಾಳಿಗೆಯಿಂದ ಏಣಿ ಹತ್ತಿ ಅದರೊಳಗೆ ಕೂತರೆ ತಲೆ ಮಾತ್ರ ವೇದಿಕೆಯ ಮಟ್ಟಕ್ಕೆ ಬರುತ್ತದೆ. ಪ್ರೇಕ್ಷಕರಿಗೆ ಕಾಣುವುದು ಗೂಡಿನ ಬೆನ್ನು, ನಟರಿಗೆ ಕಾಣುವುದು ಓಟಿಲಿಯ ಮುಖ. ಕೆಳಗಿನಿಂದ ಬರುವ ಥಂಡಿಗಾಳಿಗೆ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿಕೊಂಡು, ಮಡಿಲಲ್ಲಿ ನಾಟಕದ ಪ್ರತಿ ಇಟ್ಟುಕೊಂಡು, ಆಕೆ ಮೂವತ್ತೊಂದು ವರ್ಷ ಅಲ್ಲಿ ಕೂತಳು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ, ವೇದಿಕೆಯ ಪಕ್ಕದ ಕತ್ತಲಲ್ಲಿ ಪರದೆಯ ಹಗ್ಗ ಹಿಡಿದು ನಿಲ್ಲುತ್ತಿದ್ದವನು ನಾನು, ಬಾರ್ಟಿಶ್.

ಆಕೆಯ ಪಿಸುದನಿಗೆ ಒಂದು ಗುಣವಿತ್ತು. ಯಾರಿಗೆ ಬೇಕೋ ಅವರಿಗೆ ಮಾತ್ರ ತಲುಪುತ್ತಿತ್ತು. ಮೊದಲ ಸಾಲಿನಲ್ಲಿ ಕೂತವರಿಗೆ ಕೇಳಿಸದು, ಎಂಟು ಹೆಜ್ಜೆ ಆಚೆ ಬೆವರುತ್ತ ನಿಂತ ನಟನಿಗೆ ಕಿವಿಯಲ್ಲೇ ಹೇಳಿದಂತೆ ಕೇಳಿಸುವುದು. ಈ ವಿದ್ಯೆ ಹೊರಗೆ ಮಾತ್ರ ಮೂರು ಕಾಸಿಗೂ ಬರಲಿಲ್ಲ. ಬೇಕರಿಯ ಸಾಲಿನಲ್ಲಿ ಆಕೆ ಪಿಸುಗುಟ್ಟಿದರೆ ಅಂಗಡಿಯವಳು ಹಿಂದಿನವರಿಗೆ ಬ್ರೆಡ್ ಕೊಟ್ಟು ಕಳಿಸುತ್ತಿದ್ದಳು. ನಾನೇ ಎಷ್ಟೋ ಸಲ ಮುಂದೆ ನುಗ್ಗಿ, "ರೀ, ಈ ಅಮ್ಮನೂ ಒಬ್ಬರು ಮನುಷ್ಯರು ಕಣ್ರೀ" ಎಂದು ಕಿರುಚಿದ್ದೇನೆ.

ಮರೆತ ಮಾತು ಎತ್ತಿಕೊಡುವುದು ಯಾರಿಗಾದರೂ ಬಂದೀತು. ಕಷ್ಟವಿರುವುದು ಬೇರೆ ಕಡೆ. ನಟ ವೇದಿಕೆಯ ಮೇಲೆ ಸುಮ್ಮನಾದ ಎನ್ನಿ. ಬೇಕೆಂದೇ ಸುಮ್ಮನಾಗಿದ್ದಾನೋ, ಮರೆತು ಸುಮ್ಮನಾಗಿದ್ದಾನೋ? ಬೇಕೆಂದೇ ನಿಂತವನಿಗೆ ಮಾತು ಕೊಟ್ಟರೆ ಅವನ ಮೌನ ಕೆಟ್ಟಿತು, ಮರೆತವನಿಗೆ ಕೊಡದಿದ್ದರೆ ಮಾನ ಹೋಯಿತು. ನಿರ್ಧಾರ ಮಾಡಲು ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ. ಮೂವತ್ತೊಂದು ವರ್ಷದಲ್ಲಿ ಓಟಿಲಿ ಒಂದು ಸಲವೂ ತಪ್ಪಲಿಲ್ಲ. ಆಕೆಗಿದ್ದ ಜಂಬವೆಂದರೆ ಅದೊಂದೇ. ಗಂಡನಾಗಬೇಕಿದ್ದವನು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಪಶ್ಚಿಮ ಜರ್ಮನಿಗೆ ಓಡಿಹೋಗುವಾಗ ಬಾ ಎಂದು ಕರೆದನಂತೆ. "ಅವತ್ತು ಸಂಜೆ ನಾಟಕ ಇತ್ತು, ಹೇಗೆ ಹೋಗ್ಲಿ?" ಎಂದು ನನ್ನನ್ನೇ ಕೇಳಿದ್ದಳು. ಮಾರನೆಯ ದಿನ ಹೋಗಬಹುದಿತ್ತಲ್ಲ ಎಂದರೆ, ಮಾರನೆಯ ದಿನವೂ ನಾಟಕವಿತ್ತು.

ನಮ್ಮೂರು ಪೂರ್ವ ಜರ್ಮನಿಯ ಅಂಚಿನಲ್ಲಿ, ನೈಸೆ ನದಿಯ ದಂಡೆಯಲ್ಲಿದೆ. ಯುದ್ಧಕ್ಕೆ ಮೊದಲು ಎರಡು ದಡವೂ ಸೇರಿ ಒಂದೇ ಊರು. ಹಳೆಯ ರಂಗಮಂದಿರ, ದೊಡ್ಡ ಇಗರ್ಜಿ, ಓಟಿಲಿ ಹುಟ್ಟಿದ ಮನೆ ಎಲ್ಲ ಪೂರ್ವ ದಡದಲ್ಲಿದ್ದವು. ನಲವತ್ತೈದರ ಮೇ ತಿಂಗಳಲ್ಲಿ ಸೇತುವೆ ಸಿಡಿದಾಗ ಆಕೆ ಮತ್ತು ತಾಯಿ ಈ ದಡದಲ್ಲಿದ್ದರು. ಆಮೇಲೆ ಆ ದಡ ಪೋಲೆಂಡ್ ಆಯಿತು, ನದಿಗೆ 'ಶಾಂತಿಯ ಗಡಿ' ಎಂದು ಹೆಸರಿಟ್ಟರು. ದೇಶದ ಉಳಿದ ಊರುಗಳಲ್ಲಿ 'ಆಚೆ' ಎಂದರೆ ಪಶ್ಚಿಮ ಜರ್ಮನಿ. ನಮ್ಮಲ್ಲಿ ಎರಡು ಆಚೆ. ಪಶ್ಚಿಮದ ಆಚೆಯನ್ನು ದನಿ ತಗ್ಗಿಸಿ ಹೇಳುತ್ತಿದ್ದೆವು, ನದಿಯ ಆಚೆಯನ್ನು ಹೇಳುತ್ತಲೇ ಇರಲಿಲ್ಲ. ಯಾರಾದರೂ ತಾನು ಅಲ್ಲಿಂದ ಬಂದವನೆಂದರೆ ಆ ದಡ ತನ್ನದು ಎಂದಂತೆ. ತನ್ನದು ಎಂದರೆ ಶಾಂತಿ ಬೇಡವೆಂದಂತೆ. ಹಾಗಾಗಿ ಊರಿನ ಅರ್ಧ ಜನ ತಾವು ಹುಟ್ಟಿಯೇ ಇಲ್ಲವೇನೋ ಎಂಬಂತೆ ಬದುಕುತ್ತಿದ್ದರು.

ಓಟಿಲಿಯ ತಾಯಿಯೂ ಪ್ರಾಂಪ್ಟರ್ ಆಗಿದ್ದವಳು, ಆಚೆ ದಡದ ಹಳೆಯ ರಂಗಮಂದಿರದಲ್ಲಿ. ಮಗಳನ್ನು ನೋಡಿಕೊಳ್ಳುವವರಿಲ್ಲದೆ ಗೂಡಿನೊಳಗೆ ತನ್ನ ಕಾಲಬುಡದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಓಟಿಲಿ ನಾಟಕಗಳನ್ನು ನೋಡಿ ಕಲಿತವಳಲ್ಲ. ತಾಯಿಯ ಮೊಣಕಾಲಿಗೆ ತಲೆಯಾನಿಸಿ, ಮೇಲಿನಿಂದ ಬರುವ ಮಾತು, ಮೌನ, ನಗುಗಳನ್ನು ಕೇಳಿ ಕಲಿತವಳು.

ಹಾಗೆ ಕಲಿತ ನಾಟಕಗಳಲ್ಲಿ ಒಂದು 'ಎರಡು ದಡದ ಮದುವೆ'. ಬರೆದವನು ಲೆಬೆರೆಕ್ಟ್ ಮಾಂಗೋಲ್ಡ್, ನಮ್ಮೂರಿನವನೇ. ಒಂದು ಕಾಲದಲ್ಲಿ ಅವನ ನಾಟಕವಿಲ್ಲದೆ ಕೋಪನ್‌ಹೇಗನ್ನಿನಿಂದ ಪೀಟರ್ಸ್‌ಬರ್ಗ್‌ವರೆಗೆ ಯಾವ ಊರಿನ ದೀಪವೂ ಹತ್ತುತ್ತಿರಲಿಲ್ಲವಂತೆ. ಆಮೇಲೆ ವಿದ್ವಾಂಸರು ಅವನನ್ನು ಅಳುಬುರುಕ ಎಂದರು, ರುಚಿಗೆಟ್ಟವನು ಎಂದರು. ಜನ ನಕ್ಕಿದ್ದೇ ಅವನ ಅಪರಾಧ. ನೂರು ವರ್ಷದಲ್ಲಿ ಅವನು ಹೇಳಹೆಸರಿಲ್ಲದೆ ಹೋದ. ನಮ್ಮೂರು ಮಾತ್ರ ಹಟಕ್ಕೆ ಬಿದ್ದಂತೆ ಮೂವತ್ತೆಂಟರವರೆಗೂ ಆಡಿಸಿತು.

ಕತೆ ಇಷ್ಟೆ. ದೋಣಿಗಾರನ ಮಗಳು ಆಚೆ ದಡದವನನ್ನು ಮೆಚ್ಚುತ್ತಾಳೆ. ಮಗಳು ಹೋಗಬಾರದೆಂದು ಅಪ್ಪ ದೋಣಿಯನ್ನು ಕಟ್ಟಿಹಾಕುತ್ತಾನೆ. ಮೂರು ಅಂಕ ಅದೇ ಗಲಾಟೆ, ನಗು. ಕೊನೆಗೆ ಅಪ್ಪ ಬಹಳ ಹೊತ್ತು ಸುಮ್ಮನೆ ನಿಂತು ಒಂದು ಮಾತು ಹೇಳಿ ಹಗ್ಗ ಬಿಚ್ಚುತ್ತಾನೆ. ಅಚ್ಚಾದ ಪುಸ್ತಕದಲ್ಲಿ ಆ ಜಾಗದಲ್ಲಿ ಅರಸನಿಗೆ ಜೈಕಾರವಿದೆ, ಸರ್ಕಾರದ ಕಣ್ಣಿಗೆ ಹೆದರಿ ಮಾಂಗೋಲ್ಡ್ ಸೇರಿಸಿದ್ದು. ವೇದಿಕೆಯ ಮೇಲೆ ಅದನ್ನು ಯಾರೂ ಆಡಲಿಲ್ಲ. ನಿಜವಾದ ಮಾತು ಪ್ರಾಂಪ್ಟರರ ಪ್ರತಿಗಳಲ್ಲಿ ಪೆನ್ಸಿಲಿನಲ್ಲಿ ಇರುತ್ತಿತ್ತು, ಒಬ್ಬರ ಪ್ರತಿಯಿಂದ ಇನ್ನೊಬ್ಬರ ಪ್ರತಿಗೆ, ಊರಿಂದೂರಿಗೆ ಹೋಗುತ್ತಿತ್ತು. ನಮ್ಮೂರಿನ ಪ್ರತಿ ಯುದ್ಧದಲ್ಲಿ ಸುಟ್ಟುಹೋಯಿತು.

ಎಪ್ಪತ್ತೆರಡರಿಂದ ಎಂಟು ವರ್ಷ, ಮತ್ತೆ ಕಟ್ಟಿದ ಸೇತುವೆ ಜನರಿಗೆ ತೆರೆದಿತ್ತು. ಗುರುತಿನ ಚೀಟಿ ತೋರಿಸಿದರೆ ಸಾಕು. ಎಪ್ಪತ್ತಾರರ ಫೆಬ್ರವರಿಯಲ್ಲಿ ಬುಟ್ಟಿ ಕೊಳ್ಳುವ ನೆಪದಲ್ಲಿ ನಾವಿಬ್ಬರೂ ಆಚೆ ಹೋದೆವು. ಹಳೆಯ ರಂಗಮಂದಿರ ಈಗ ಅವರ ರೈಲ್ವೆ ನೌಕರರ ಸಭಾಭವನ. ಒಳಗೆ ಏನೋ ಹಾಸ್ಯನಾಟಕ ನಡೆಯುತ್ತಿತ್ತು, ಪೋಲಿಷ್ ಭಾಷೆಯಲ್ಲಿ. ಇಬ್ಬರಿಗೂ ಒಂದಕ್ಷರ ತಿಳಿಯದು. ಹಿಂದಿನ ಸಾಲಿನಲ್ಲಿ ಕೂತು ಕಾಲು ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವು. ಇದ್ದಕ್ಕಿದ್ದಂತೆ ಓಟಿಲಿ ನನ್ನ ತೋಳು ಹಿಡಿದಳು.

"ಬಾರ್ಟಿಶ್, ಈಗ ನಗ್ತಾರೆ ನೋಡಿ."

ಸಭೆ ಘೊಳ್ಳೆಂದಿತು.

"ಈಗ ಅವನು ಸುಮ್ನಾಗ್ತಾನೆ. ಒಂದು, ಎರಡು, ಮೂರು. ಈಗ ಹುಡುಗಿ ಸೀನ್ತಾಳೆ."

ಹುಡುಗಿ ಸೀನಿದಳು. ನಾನು ಆಕೆಯ ಕಡೆ ತಿರುಗಿದೆ. ಓಟಿಲಿಯ ಕೆನ್ನೆ ಒದ್ದೆಯಾಗಿತ್ತು. ಮಾತು ಮೌನಗಳ ಉಸಿರಿನಿಂದಲೇ ಆಕೆ 'ಎರಡು ದಡದ ಮದುವೆ'ಯನ್ನು ಗುರುತು ಹಿಡಿದಿದ್ದಳು.

ಮುಗಿದ ಮೇಲೆ ಗೂಡಿನೊಳಗಿಂದ ಎಪ್ಪತ್ತು ದಾಟಿದ ಒಬ್ಬ ಮುದುಕಿ ಎದ್ದು ಬಂದಳು. ಪಾನಿ ಸ್ತೆಫಾ ಎನ್ನುತ್ತಿದ್ದರು, ಪಾನಿ ಎಂದರೆ ಅವರ ಭಾಷೆಯಲ್ಲಿ ಶ್ರೀಮತಿ ಇದ್ದಂತೆ. ಅಲ್ಲಿದ್ದವರೆಲ್ಲ ಹಳೆಯ ಪೋಲೆಂಡಿನ ಪೂರ್ವಕ್ಕಿದ್ದ ಲ್ವೂಫ್ ಎಂಬ ಊರಿನವರು. ಯುದ್ಧ ಮುಗಿದಾಗ ಆ ಊರು ರಷ್ಯನ್ನರ ಪಾಲಾಗಿ, ಇವರನ್ನು ದನ ಸಾಗಿಸುವ ರೈಲುಡಬ್ಬಿಗಳಲ್ಲಿ ತಂದು ನಮ್ಮವರ ಖಾಲಿ ಮನೆಗಳಲ್ಲಿ ಇಳಿಸಿದ್ದರು. ಪಾನಿ ಸ್ತೆಫಾಗೆ ಆಸ್ಟ್ರಿಯಾದವರು ಆ ಊರನ್ನು ಆಳುತ್ತಿದ್ದ ಕಾಲದ ಹರಕುಮುರುಕು ಜರ್ಮನ್ ಬರುತ್ತಿತ್ತು. ಜಗಳಕ್ಕೆ ಅಷ್ಟು ಸಾಕು.

"ಇದು ಮಾಂಗೋಲ್ಡ್ ಬರೆದಿದ್ದು, ಅಮ್ಮಾ. ಇದೇ ಊರಿನವರು" ಎಂದಳು ಓಟಿಲಿ.

"ಯಾವ ಮಾಂಗೋಲ್ಡು? ಮಾಂಗೋಲ್ಡ್ ಅಂದ್ರೆ ನಿಮ್ಮ ಭಾಷೇಲಿ ಸೊಪ್ಪು ತಾನೇ? ಸೊಪ್ಪು ನಾಟಕ ಬರೆಯುತ್ತಾ? ಇದು ಲ್ವೂಫಿಂದು. ನಮ್ಮಜ್ಜಿ ಆ ಹುಡುಗಿ ಪಾತ್ರ ಮಾಡಿದ್ಲು. ಈ ಪ್ರತಿನ ಹಾಸಿಗೇಲಿ ಸುತ್ಕೊಂಡು ರೈಲಲ್ಲಿ ಹದಿನೇಳು ದಿನ ಕೂತ್ಕೊಂಡು ಬಂದಿದೀನಿ ನಾನು. ನಿಮ್ಮದು ಅಂತೀರಲ್ಲ, ನಾಚಿಕೆ ಆಗಲ್ವಾ? ಮನೆನೂ ನಿಮ್ಮದು, ನಾಟಕನೂ ನಿಮ್ಮದು!"

"ಮನೆ ಕೇಳೋಕೆ ಬಂದಿಲ್ಲಮ್ಮ. ಕೊನೇ ಮಾತು ಏನು ಅಂತ ಮಾತ್ರ ಹೇಳಿ."

ಮುದುಕಿ ಪ್ರತಿ ತೆರೆದು, ಬೆರಳಿಟ್ಟು, ಒಂದೊಂದೇ ಪದವನ್ನು ಜರ್ಮನ್ನಿಗೆ ತಿರುಗಿಸಿದಳು. "ದೋಣಿ ಕಟ್ಟಿದವನು ನಾನು. ನದಿ ಕಟ್ಟಿದವನಲ್ಲ. ಹೋಗು."

ಓಟಿಲಿ ಅಲ್ಲೇ ಮೆಟ್ಟಿಲಿನ ಮೇಲೆ ಕೂತುಬಿಟ್ಟಳು. ಹನ್ನೆರಡನೇ ವಯಸ್ಸಿನಲ್ಲಿ ತಾಯಿಯ ಬಾಯಿಂದ ಕೇಳಿದ ಮಾತು, ಅಕ್ಷರ ತಪ್ಪಿಲ್ಲದೆ, ಸಾವಿರ ಮೈಲಿ ಸುತ್ತಿ ಬೇರೆ ಭಾಷೆಯಲ್ಲಿ ಅದೇ ಗೂಡಿಗೆ ವಾಪಸು ಬಂದಿತ್ತು. ಪಾನಿ ಸ್ತೆಫಾ ಪ್ರತಿ ಮುಚ್ಚಿ, "ಒಳಗೆ ಕೂತ್ಕೋಬೇಕಾ?" ಎಂದು ಗೂಡಿನ ಕಡೆ ಕೈ ತೋರಿಸಿದಳು. ಓಟಿಲಿಗೆ ಅವತ್ತು ಧೈರ್ಯ ಬರಲಿಲ್ಲ. ಇನ್ನೊಮ್ಮೆ ಎಂದಳು, ಆಮೇಲೆ ಹೋದಾಗಲೂ ಇನ್ನೊಮ್ಮೆ ಎಂದಳು. ಅವರಿಬ್ಬರ ಸ್ನೇಹ ಹೀಗೆ ಬೈದಾಡಿಕೊಂಡೇ ಬೆಳೆಯಿತು, ಕೊನೆಯವರೆಗೂ ನಾಟಕ ಯಾರದೆಂದು ತೀರ್ಮಾನವಾಗಲಿಲ್ಲ. ಎಂಬತ್ತರಲ್ಲಿ ಪೋಲೆಂಡಿನ ಕಾರ್ಮಿಕರು ಮುಷ್ಕರ ಹೂಡಿದರು, ಅವರ ಗಾಳಿ ನಮಗೆ ಸೋಕೀತೆಂದು ನಮ್ಮವರು ಸೇತುವೆ ಮುಚ್ಚಿದರು.

ಎಂಬತ್ತನಾಲ್ಕಕ್ಕೆ ಮಾಂಗೋಲ್ಡ್ ಹುಟ್ಟಿ ಇನ್ನೂರು ವರ್ಷ. ನಮ್ಮ ರಂಗಮಂದಿರದ ಮುಖ್ಯಸ್ಥ ಡಾಕ್ಟರ್ ಮೋಲ್ಡೆನ್‌ಗೆ ಎಲ್ಲಿಂದಲೋ ಅದು ಹೊಳೆದು, 'ಜನಪರ ನಾಟಕಕಾರನ ಮರುಶೋಧ' ಎಂದು ಹೆಸರಿಟ್ಟು 'ಎರಡು ದಡದ ಮದುವೆ'ಯನ್ನು ಕೈಗೆತ್ತಿಕೊಂಡ. ಕೆಟ್ಟವನಲ್ಲ, ಹೆದರುಪುಕ್ಕಲ. ಕೊನೆಯಲ್ಲಿ ಅರಸನಿಗೆ ಜೈ ಅನ್ನಿಸುವಂತಿಲ್ಲವಲ್ಲ, ತಾನೇ ಒಂದು ಮುಕ್ತಾಯ ಬರೆದ. ಅದರಲ್ಲಿ ದೋಣಿಗಾರ, "ಇರು ಮಗಳೇ, ಈ ದಡವನ್ನೇ ಕಟ್ಟೋಣ" ಎನ್ನುತ್ತಾನೆ. ಮಗಳು ಇರುತ್ತಾಳೆ. ಎಲ್ಲರೂ ಹಾಡುತ್ತಾರೆ, ನಾನು ಪರದೆ ಇಳಿಸುತ್ತೇನೆ.

ತಾಲೀಮಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ಓಟಿಲಿಯ ಪೆನ್ಸಿಲ್ ಕೆಳಗೆ ಬಿತ್ತು. ವಿರಾಮದಲ್ಲಿ ಆಕೆ ಮೋಲ್ಡೆನ್ ಹತ್ತಿರ ಹೋಗಿ, ಕೊನೆಯ ಮಾತು ಇದಲ್ಲ ಎಂದು ಪಿಸುಗುಟ್ಟಿದಳು.

"ನಿಮಗೆ ಹೇಗೆ ಗೊತ್ತು?" ಎಂದ ಅವನು.

ಆಕೆ ಬಾಯಿ ಮುಚ್ಚಿಕೊಂಡು ಬಂದಳು. ಹೇಗೆ ಗೊತ್ತೆಂದು ಹೇಳಲು ಹೋದರೆ ಆಚೆ ದಡ ಬರುತ್ತದೆ, ತಾಯಿ ಬರುತ್ತಾಳೆ, ಪಾನಿ ಸ್ತೆಫಾ ಬರುತ್ತಾಳೆ. ಅದರಲ್ಲೂ ಆಗ ಆಕೆಯ ಒಂದು ಕಾಗದ ಸರ್ಕಾರದ ಮೇಜಿನ ಮೇಲಿತ್ತು. ಪೋಲೆಂಡಿಗೆ ಹೋಗಲು ಅಲ್ಲಿನವರು ಮೊಹರು ಹಾಕಿಸಿ ಕಳಿಸಿದ ಆಮಂತ್ರಣ ಬೇಕು. ಪಾನಿ ಸ್ತೆಫಾ ಕಳಿಸಿದ್ದಳು. ಬರುವ ಫೆಬ್ರವರಿಯಲ್ಲಿ ಅವರ ನಾಟಕ, ಮುದುಕಿಗೆ ಕಣ್ಣು ಮಂಜಾಗಿದೆ, ಒಂದು ಸಂಜೆ ಓಟಿಲಿ ಬಂದು ತನ್ನ ಜೊತೆ ಗೂಡಿನಲ್ಲಿ ಕೂರಬೇಕು. ನಮ್ಮ ಕಡೆ ಅದಕ್ಕೆ ಮೋಲ್ಡೆನ್‌ನ ಶಿಫಾರಸು ಬೇಕಿತ್ತು. ಬರೆಯುತ್ತೇನೆ ಎಂದಿದ್ದ, ಇನ್ನೂ ಬರೆದಿರಲಿಲ್ಲ.

"ನುಂಗ್ಕೊಂಡು ಸುಮ್ನಿರಿ, ಫ್ರಾವ್ ರೆಂಕರ್" ಎಂದೆ ನಾನು. "ಮಾಂಗೋಲ್ಡ್ ಸತ್ತು ಎಷ್ಟು ಕಾಲ ಆಯ್ತು! ಅವನಿಗೇನು ಗೊತ್ತಾಗುತ್ತೆ?"

"ಅವನಿಗೆ ಗೊತ್ತಾಗಲ್ಲ ಬಾರ್ಟಿಶ್. ನನಗೆ ಗೊತ್ತಾಗುತ್ತೆ. ದಿನಾ ಸಂಜೆ ಪ್ರತಿ ಹಿಡ್ಕೊಂಡು ಕೂತಿರೋಳು ನಾನು ತಾನೇ."

ನವೆಂಬರಿನಲ್ಲಿ ಮೊದಲ ಪ್ರದರ್ಶನ. ಶುರುವಾಗುವ ಮೊದಲು ನಮ್ಮ ಪದ್ಧತಿಯಂತೆ ಒಬ್ಬರಿಗೊಬ್ಬರು ಎಡಭುಜದ ಮೇಲೆ ಮೂರು ಸಲ ಉಗಿದಂತೆ ಮಾಡಿ ಹಾರೈಸಿದೆವು. ಸಭೆ ತುಂಬಿತ್ತು, ಅರ್ಧಕ್ಕರ್ಧ ನರೆತ ತಲೆಗಳು. ಮಾಂಗೋಲ್ಡನನ್ನು ಅಳುಬುರುಕ ಎಂದ ವಿದ್ವಾಂಸರು ಅವತ್ತು ಬಂದು ನೋಡಬೇಕಿತ್ತು. ಜನ ನಕ್ಕರು, ಅತ್ತರು, ಮತ್ತೆ ನಕ್ಕರು. ಹುಡುಗಿ ಸೀನಿದಾಗ ಬಾಲ್ಕನಿ ಅದುರಿತು.

ಕೊನೆಯ ದೃಶ್ಯ. ದೋಣಿಗಾರನ ಪಾತ್ರದಲ್ಲಿದ್ದ ಎಗ್ಬರ್ಟ್ ಕ್ನೋಪ್ ಮುಂದಕ್ಕೆ ಬಂದು ಸುಮ್ಮನೆ ನಿಂತ. ಅಲ್ಲಿ ಮೌನವಿರಬೇಕಾದ್ದೇ. ಆದರೆ ಮೌನ ಮುಗಿಯಲಿಲ್ಲ. ಎಗ್ಬರ್ಟನ ಕಣ್ಣು ಗೂಡಿನ ಕಡೆ ಜಾರಿತು. ಮರೆತಿದ್ದ! ಮೋಲ್ಡೆನ್ ಬರೆದ ಮಾತು ಯಾರ ನಾಲಿಗೆಯ ಮೇಲೆ ತಾನೇ ನಿಂತೀತು?

ನಾನಿದ್ದ ಕಡೆಯಿಂದ ಓಟಿಲಿಯ ಮುಖ ಕಾಣುತ್ತಿತ್ತು. ಆಕೆ ಪ್ರತಿಯನ್ನು ಮುಚ್ಚಿದಳು. ತುಟಿ ಅಲುಗಿತು.

ಎಗ್ಬರ್ಟ್ ನಲವತ್ತು ವರ್ಷದಿಂದ ಗೂಡಿನಿಂದ ಬಂದದ್ದನ್ನು ಯೋಚಿಸದೆ ಆಡಿದವನು. ಆಡಿದ. "ದೋಣಿ ಕಟ್ಟಿದವನು ನಾನು..."

ನಾನು ಹಗ್ಗ ಬಿಟ್ಟೆ.

ಯಾರೂ ಸನ್ನೆ ಮಾಡಿರಲಿಲ್ಲ. ಮೋಲ್ಡೆನ್ ಸಭೆಯ ಮಧ್ಯದಲ್ಲೆಲ್ಲೋ ಕೂತಿದ್ದ, ಬಿಟ್ಟವನು ನಾನೇ. ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು, ಮುಚ್ಚಿದ ಗಡಿಯ ಊರಿನಲ್ಲಿ 'ಹೋಗು' ಎಂದು ಇಷ್ಟು ಜನರ ಮುಂದೆ ಆಡಿದರೆ ಏನಾಗುತ್ತದೆಂದೂ ಗೊತ್ತಿತ್ತು. ಭಯ ತಲೆಗಿಂತ ಮೊದಲು ಕೈಗೆ ಬರುತ್ತದೆ. ಪರದೆ ಧೊಪ್ಪನೆ ಇಳಿದು ಎಗ್ಬರ್ಟ್, ಹುಡುಗಿ, ದೋಣಿ ಎಲ್ಲ ಒಳಗಾದರು. ಗೂಡು ಪರದೆಯಿಂದ ಈಚೆಗಿದೆ ಎಂದೆನಲ್ಲ. ಓಟಿಲಿ ಒಬ್ಬಳೇ ಸಭೆಯ ಕಡೆ ಉಳಿದಳು, ಮುಖದ ಮುಂದೆ ಕೆಂಪು ಬಟ್ಟೆ, ಬೆನ್ನ ಹಿಂದೆ ಐನೂರು ಜನ.

ಆಗ ಗೂಡಿನಿಂದ ಆ ದನಿ ಬಂತು. ಒರಟು ದನಿ, ಬಳಸದೆ ತುಕ್ಕು ಹಿಡಿದದ್ದು, ಬಾವಿಯೊಳಗಿಂದ ಕರೆದ ಹಾಗೆ.

"ನದಿ ಕಟ್ಟಿದವನಲ್ಲ!"

ಆಮೇಲೆ ಬಾಲ್ಕನಿಯಿಂದ ಒಬ್ಬ ಮುದುಕ, "ಹೋಗು" ಎಂದ. ಕೆಳಗಿನಿಂದ ಒಬ್ಬಳು, "ಹೋಗು" ಎಂದಳು. ಅಲ್ಲೊಬ್ಬರು, ಇಲ್ಲೊಬ್ಬರು, ಕೊನೆಗೆ ಸಭೆಯ ನರೆತ ತಲೆಗಳೆಲ್ಲ. ಆಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲರಿಗೂ ಆ ಮಾತು ಗೊತ್ತಿತ್ತು! ಎಲ್ಲರೂ ಆಚೆ ದಡದಲ್ಲಿ ಅಪ್ಪ ಅಮ್ಮನ ಕೈ ಹಿಡಿದು ಹೋಗಿ ಕೇಳಿದವರು, ನಲವತ್ತು ವರ್ಷ ತಾನೊಬ್ಬನೇ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡವರು. ನಾನೂ ಅವರಲ್ಲೊಬ್ಬ. ಪರದೆಯ ಪಕ್ಕದ ಕತ್ತಲಲ್ಲಿ ನಿಂತಿದ್ದೆ. ನಾನು ಮಾತ್ರ ಆಡಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ಮೋಲ್ಡೆನ್‌ನ ಕೋಣೆಗೆ ಕರೆ ಬಂತು. ಮೇಲಿನ ಕಚೇರಿಯಿಂದ ಬಂದ ಬೂದು ಕೋಟಿನವನೊಬ್ಬ ಕಿಟಕಿಯ ಹತ್ತಿರ ಕೂತು ಬರೆದುಕೊಳ್ಳುತ್ತಿದ್ದ. ಎಗ್ಬರ್ಟ್ ಆಗಲೇ ತನ್ನ ಪಾಲು ಹೇಳಿ ಮುಗಿಸಿದ್ದ. "ಗೂಡಿಂದ ಅಡುಗೆ ಪುಸ್ತಕ ಓದಿದ್ರೂ ನಾನು ಅದನ್ನೇ ಹೇಳ್ತೀನಿ ಸಾರ್, ಅಭ್ಯಾಸ" ಎಂದನಂತೆ. ಓಟಿಲಿಯನ್ನೂ ನನ್ನನ್ನೂ ಪಕ್ಕಪಕ್ಕ ಕೂರಿಸಿದರು.

ಮೋಲ್ಡೆನ್‌ನ ಮುಖ ಸುಣ್ಣದಂತಾಗಿತ್ತು. ಆದರೂ ಅವನು ಆಕೆಯನ್ನು ಉಳಿಸಲು ನೋಡಿದ, ಅದನ್ನು ನಾನು ಮುಚ್ಚಿಡುವುದಿಲ್ಲ. "ಫ್ರಾವ್ ರೆಂಕರ್, ನಿಮಗೆ ಐವತ್ತೆಂಟಾಯ್ತು. ಚಿಕ್ಕಂದಿನ ನೆನಪು ಯಾವುದೋ ನುಗ್ಗಿ ಬಾಯಿತಪ್ಪಿ ಬಂತು. ಪರದೆ ಬಿದ್ದಿದ್ದಕ್ಕೆ ಗಾಬರಿಯಾಗಿ ಕೂಗಿದ್ರಿ. ಅಷ್ಟೇ ಅಲ್ವಾ? ತಪ್ಪು ಯಾರಿಂದ ಆಗಲ್ಲ? ನಿಮ್ಮ ಫೆಬ್ರವರಿ ಕಾಗದಕ್ಕೆ ಇವತ್ತೇ ಬರೆದುಕೊಡ್ತೀನಿ."

ಓಟಿಲಿ ಹೂಂ ಅಂದರೆ ಸೇತುವೆ ತೆರೆದಂತೆ. ಹೂಂ ಅಂದರೆ ಮೂವತ್ತೊಂದು ವರ್ಷದಲ್ಲಿ ಮೊದಲ ತಪ್ಪು, ಅದೂ ಆ ಮಾತಿನಲ್ಲಿ. ಮಾಂಗೋಲ್ಡನ ಮಾತನ್ನು ಒಬ್ಬ ಮುದಿ ಹೆಂಗಸಿನ ಮರೆವು ಎಂದು ಬರೆದುಬಿಡುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎಂದರೆ ಇದೇ.

ಬೂದು ಕೋಟಿನವನು ನನ್ನ ಕಡೆ ತಿರುಗಿದ. "ಹೊತ್ತಿಗೆ ಸರಿಯಾಗಿ ಪರದೆ ಇಳಿಸಿದ್ದೀರಿ, ಹೆರ್ ಬಾರ್ಟಿಶ್. ಎಚ್ಚರ ಇರೋ ಮನುಷ್ಯ ನೀವು. ಈಯಮ್ಮನ ಮುಖ ನಿಮಗೆ ಕಾಣ್ತಿತ್ತು. ನೀವೇ ಹೇಳಿ. ಬಾಯಿತಪ್ಪಿ ಬಂದಿದ್ದಾ, ಬೇಕಂತ ಹೇಳಿದ್ದಾ?"

ತಪ್ಪಿ ಬಂದದ್ದು ಎನ್ನಬೇಕೆಂದೇ ಮೆಟ್ಟಿಲು ಹತ್ತುವಾಗ ನಿಶ್ಚಯ ಮಾಡಿಕೊಂಡಿದ್ದೆ. ಅಷ್ಟಾದರೂ ಮಾಡಿದರೆ ನನ್ನ ಕೈಗೆ ಸ್ವಲ್ಪ ಸಮಾಧಾನ ಸಿಗುತ್ತಿತ್ತು. ಬಾಯಿ ತೆರೆದೆ. ಮಾತು ಬರಲಿಲ್ಲ. ಆಕೆ ಪ್ರತಿ ಮುಚ್ಚಿದ್ದು ಕಣ್ಣ ಮುಂದೆ ಬಂತು. ಮೋಲ್ಡೆನ್ ಕೆಮ್ಮಿದ. ಬೂದು ಕೋಟಿನವನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.

ಆಗ ನನ್ನ ಎಡಗಿವಿಯ ಹತ್ತಿರ, ನನಗೊಬ್ಬನಿಗೆ ಮಾತ್ರ ಕೇಳಿಸುವಂತೆ, ಬಂತು.

"ಬೇಕಂತಲೇ."

"ಬೇಕಂತಲೇ" ಎಂದೆ.

ಬೂದು ಕೋಟಿನವನು ಬರೆದುಕೊಂಡ. ಮೋಲ್ಡೆನ್ ಕಣ್ಣು ಮುಚ್ಚಿದ. ಓಟಿಲಿ ನನ್ನ ಕಡೆ ನೋಡದೆ ಮೆಲ್ಲಗೆ ತಲೆಯಾಡಿಸಿದಳು, ಮರೆತ ನಟ ಮಾತನ್ನು ಸರಿಯಾಗಿ ಹಿಡಿದಾಗ ಆಡಿಸುತ್ತಿದ್ದಂತೆ. ಆಮೇಲೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು ಹೊರಟಳು.

ಆಕೆಯನ್ನು ಗೂಡಿನಿಂದ ತೆಗೆದು, ಪ್ರೇಕ್ಷಕರ ಕೋಟುಗಳನ್ನು ತೂಗುಹಾಕುವ ಕೌಂಟರಿನಲ್ಲಿ ನಿಲ್ಲಿಸಿದರು. ಫೆಬ್ರವರಿಯಲ್ಲಿ ಆಚೆ ದಡದಲ್ಲಿ ಮದುವೆಯ ನಾಟಕ ನಡೆಯಿತು, ಆಕೆ ಈಚೆಗೇ ಇದ್ದಳು. ನನಗೆ ಹೊಸವರ್ಷಕ್ಕೆ ಮೊದಲೇ, ಎಚ್ಚರದಿಂದ ಕೆಲಸ ಮಾಡಿದ್ದಕ್ಕೆ, ವೇದಿಕೆಯ ಮೇಲೆ ಎಲ್ಲರೆದುರು ಒಂದು ಪ್ರಶಸ್ತಿಪತ್ರ ಕೊಟ್ಟರು. ಬೇಡ ಎನ್ನಲು ಬಾಯಿ ತೆರೆದೆ. ಗೂಡಿನ ಕಡೆ ನೋಡಿದೆ. ಎತ್ತಿಕೊಡುವವರು ಯಾರೂ ಇರಲಿಲ್ಲ. ತೆಗೆದುಕೊಂಡೆ.